ಟಿಪ್ಸ್ ಆದ ಮೇಲೆ ಮಂಪರು ಯಾರಿಗೆ: ನನ್ನ ಕ್ಯಾಲ್ಕುಲೇಟರ್ ಎಲ್ಲಿಗೆ ಬಂತು

ಹೊಸದಾಗಿ ಓದುವವರಿಗೆ ಮೊದಲು ಒಂದೆರಡು ಮಾತು. ಟಿಪ್ಸ್ ಎಂಬ ಲಿವರ್ ಚಿಕಿತ್ಸೆ ಆದ ಮೇಲೆ ಯಾರಿಗೆ ಮಂಪರು ಬರುವ ಅಪಾಯ ಎಷ್ಟು ಅಂತ ಅಂದಾಜು ಮಾಡುವ ಒಂದು ಕ್ಯಾಲ್ಕುಲೇಟರ್ ಮಾಡುತ್ತಿದ್ದೇನೆ. ಸಿರೋಸಿಸ್‌ನಲ್ಲಿ ಲಿವರ್ ಗಟ್ಟಿಯಾಗಿ, ಕರುಳಿನಿಂದ ರಕ್ತ ತರುವ ಪೋರ್ಟಲ್ ನಾಳದಲ್ಲಿ ಒತ್ತಡ ಏರುತ್ತದೆ. ಅನ್ನನಾಳದ ನಾಳಗಳು ಉಬ್ಬಿ ಒಡೆಯಬಹುದು. ಹೊಟ್ಟೆಯಲ್ಲಿ ತುಂಬಿದ ನೀರು ಮಾತ್ರೆಗೂ ಬಗ್ಗದೆ ಇರಬಹುದು. ಆಗ ಕುತ್ತಿಗೆಯ ರಕ್ತನಾಳದಿಂದ ಒಳಗೆ ಹೋಗಿ, ಲಿವರ್ ಒಳಗೇ ಒಂದು ಸ್ಟೆಂಟ್ ಇಟ್ಟು ಅಡ್ಡದಾರಿ ಮಾಡುತ್ತಾರೆ. ಅದೇ ಟಿಪ್ಸ್. ಒತ್ತಡ ಇಳಿಯುತ್ತದೆ, ಆದರೆ ಲಿವರ್ ಸೋಸಬೇಕಿದ್ದ ಅಮೋನಿಯಾ ಆ ದಾರಿಯಲ್ಲೇ ನುಸುಳಿ ಮಿದುಳು ಮುಟ್ಟುತ್ತದೆ. ಹಗಲು ನಿದ್ದೆ, ರಾತ್ರಿ ಎಚ್ಚರ, ಕೈ ಅದುರುವುದು, ಗಲಿಬಿಲಿ, ಕೆಲವರಿಗೆ ಕೋಮಾ. ಡಾಕ್ಟರ್‌ಗಳು ಇದನ್ನು ಹೆಪಾಟಿಕ್ ಎನ್‌ಸೆಫಲೋಪತಿ ಅನ್ನುತ್ತಾರೆ, ನಾನು ಸುಮ್ನೆ ಮಂಪರು ಅಂತ ಬರೆಯುತ್ತೇನೆ. ಟಿಪ್ಸ್ ಆದವರಲ್ಲಿ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಜನಕ್ಕೆ ಇದು ಬರುತ್ತದೆ, ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲಿ.

ನಾನು ಡಾಕ್ಟರ್ ಅಲ್ಲ. ತುಮಕೂರಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಹೇಳುವವನು, ಈ ಕ್ಯಾಲ್ಕುಲೇಟರ್ ಸಂಜೆಯ ಹವ್ಯಾಸ. ಇದರಿಂದ ಯಾರೂ ಚಿಕಿತ್ಸೆ ನಿರ್ಧರಿಸಬಾರದು ಅಂತ ಮೊದಲ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ ಹಾಕಿದ್ದೇನೆ.

ಲಿವರ್ ಕಾಯಿಲೆ ಎಷ್ಟು ತೀವ್ರ ಅಂತ ರಕ್ತಪರೀಕ್ಷೆಯ ಅಂಕಿಗಳಿಂದ ಹೇಳುವ ಮೆಲ್ಡ್ ಸ್ಕೋರ್ ಭಾಗ ಮುಗಿದಿದೆ. ಬಿಲಿರುಬಿನ್ 2.5, ಐಎನ್‌ಆರ್ (ರಕ್ತ ಹೆಪ್ಪುಗಟ್ಟುವಿಕೆಯ ಅಳತೆ) 1.5, ಕ್ರಿಯಾಟಿನಿನ್ 1.2 ಕೊಟ್ಟರೆ 16 ಬರುತ್ತದೆ, ಕೈಯಲ್ಲಿ ಲೆಕ್ಕ ಹಾಕಿದರೂ ಅಷ್ಟೇ. ಈ ಸ್ಕೋರ್ ಹುಟ್ಟಿದ್ದೇ ಟಿಪ್ಸ್‌ಗಾಗಿ. ಟಿಪ್ಸ್ ಆದವರು ಎಷ್ಟು ದಿನ ಬದುಕುತ್ತಾರೆ ಅಂತ ಅಂದಾಜು ಮಾಡಲು ಮೇಯೋ ಕ್ಲಿನಿಕ್‌ನವರು ಮಾಡಿದ್ದು. 2002ರಿಂದ ಅಮೆರಿಕದಲ್ಲಿ ಲಿವರ್ ಕಸಿಯ ಸರದಿಯೂ ಅದರ ಮೇಲೆಯೇ ನಡೆಯಿತು. ಆದರೆ ಸಾವಿನ ಸ್ಕೋರ್ ಮಂಪರಿನ ಸ್ಕೋರ್ ಅಲ್ಲ ಅಲ್ವಾ? ವಯಸ್ಸು, ಹಿಂದೆ ಮಂಪರು ಬಂದಿತ್ತಾ, ಸೋಡಿಯಂ ಎಷ್ಟು, ಸ್ನಾಯು ಎಷ್ಟು ಕರಗಿದೆ, ಇವು ಯಾವುವೂ ಆ ಮೂಲ ಸೂತ್ರದಲ್ಲಿ ಇಲ್ಲ. ಸ್ನಾಯುವಿನ ವಿಷಯ ನನಗೆ ತುಂಬ ಹಿಡಿಸಿತು. ಲಿವರ್ ಕೈಕೊಟ್ಟಾಗ ಅಮೋನಿಯಾವನ್ನು ಗ್ಲುಟಮಿನ್ ಮಾಡಿ ಇಟ್ಟುಕೊಳ್ಳುವುದು ತೊಡೆ, ಬೆನ್ನಿನ ಮಾಂಸಖಂಡ. ಸೊರಗಿದವರಿಗೆ ಆ ಆಸರೆಯೂ ಇಲ್ಲ.

ಈ ಸಲ ಜಾಸ್ತಿ ಹೊತ್ತು ತಿಂದದ್ದು ಬೇರೆಯೇ ಪ್ರಶ್ನೆ: ಯಾವ ಮಾಹಿತಿ ಯಾವಾಗ ಗೊತ್ತಾಗುತ್ತದೆ? ಸ್ಟೆಂಟ್ ಇಟ್ಟ ಮೇಲೆ ಅದರ ಎರಡು ತುದಿಗಳ ನಡುವೆ ಉಳಿಯುವ ಒತ್ತಡದ ವ್ಯತ್ಯಾಸ ಮಂಪರಿನ ಒಳ್ಳೆಯ ಸುಳಿವು. ತೀರಾ ಇಳಿದಿದ್ದರೆ ರಕ್ತ ಜಾಸ್ತಿ ಅಡ್ಡದಾರಿ ಹಿಡಿದಿದೆ ಅಂತ ಅರ್ಥ. ಅದನ್ನು ಮಾಡೆಲ್‌ಗೆ ಸೇರಿಸಿದರೆ ಎಯುಸಿ, ಅಂದರೆ ಮಂಪರು ಬರುವವರನ್ನೂ ಬಾರದವರನ್ನೂ ಬೇರ್ಪಡಿಸುವ ಶಕ್ತಿಯ ಅಳತೆ, ಚೆನ್ನಾಗಿ ಏರುತ್ತದೆ. ಆದರೆ ಟಿಪ್ಸ್ ಮಾಡಿಸಬೇಕಾ ಬೇಡವಾ ಅಂತ ಕೇಳಲು ಬಂದವರ ಹತ್ತಿರ ಆ ಅಂಕಿ ಇರುವುದಿಲ್ಲ. ನಿರ್ಧಾರ ಆಗಿಹೋದ ಮೇಲೆ ಸಿಗುವ ಅಂಕಿಯಿಂದ ನಿರ್ಧಾರಕ್ಕೆ ಸಲಹೆ ಕೊಡುವುದು ನನ್ನ ಪ್ರಕಾರ ಮೋಸ. ಹಾಗಾಗಿ ಎರಡು ಮಾಡೆಲ್ ಬೇರೆ ಮಾಡಿದೆ. ಒಂದು ಮುಂಚಿನದು, ಒಂದು ಆಸ್ಪತ್ರೆಯಿಂದ ಮನೆಗೆ ಹೊರಡುವಾಗಿನದು. ಮೊದಲನೆಯದರ ಎಯುಸಿ ಸಪ್ಪೆಯಾಗಿದೆ. ಇರಲಿ.

ಸ್ಟೆಂಟ್ ಅಗಲ ಎರಡಕ್ಕೂ ನಡುವೆ ನಿಲ್ಲುತ್ತದೆ. 8 ಮಿಲಿಮೀಟರಾ, 10 ಮಿಲಿಮೀಟರಾ ಎನ್ನುವುದು ಡಾಕ್ಟರ್ ಆರಿಸುವುದು, ರೋಗಿಯ ಗುಣ ಅಲ್ಲ. ಕಿರಿದರಲ್ಲಿ ಮಂಪರು ಕಡಿಮೆ. ಅದನ್ನು ತಿರುಗಿಸಿ ನೋಡುವ ಗುಂಡಿಯಾಗಿ ಇಟ್ಟಿದ್ದೇನೆ. ಕರುಳಿನ ಬ್ಯಾಕ್ಟೀರಿಯಾ ತಗ್ಗಿಸುವ ರಿಫಾಕ್ಸಿಮಿನ್ ಮಾತ್ರೆಯೂ ಹಾಗೆಯೇ. 2021ರಲ್ಲಿ ಬಂದ ಫ್ರಾನ್ಸ್‌ನ ಪ್ರಯೋಗದಲ್ಲಿ ಟಿಪ್ಸ್‌ಗೆ 14 ದಿನ ಮುಂಚೆಯೇ ಅದನ್ನು ಶುರುಮಾಡಿ ಆರು ತಿಂಗಳ ತನಕ ಕೊಟ್ಟಾಗ ಮಂಪರು 34 ಶೇಕಡಾ, ಸುಳ್ಳು ಮಾತ್ರೆಯವರಲ್ಲಿ 53. ಮಾತ್ರೆ ತಿಂದವರ ಡೇಟಾದಿಂದ ಕಲಿತ ಮಾಡೆಲ್ ತಿನ್ನದವರಿಗೆ ಅಪಾಯ ಕಡಿಮೆ ಅಂತ ಹೇಳಿಬಿಡುತ್ತದೆ. ಆ ಕಾಲಂ ಬಿಡುವ ಹಾಗೇ ಇಲ್ಲ.

ಡೇಟಾ ವಿಷಯದಲ್ಲಿ ನಿಜವಾದ ಟಿಪ್ಸ್ ರೋಗಿಗಳ ಪಟ್ಟಿ ನನ್ನ ಬಳಿ ಇಲ್ಲ, ಕೇಳುವುದೂ ಇಲ್ಲ. ಅಭ್ಯಾಸಕ್ಕೆ ಮೇಯೋದ ಹಳೆಯ ಪಿಬಿಸಿ (ಪಿತ್ತನಾಳಗಳು ಹಾಳಾಗುವ ಒಂದು ಲಿವರ್ ಕಾಯಿಲೆ) ಡೇಟಾ ಇದೆ, ಎಲ್ಲರಿಗೂ ತೆರೆದಿದ್ದು, 418 ಸಾಲು. ಕ್ರಿಯಾಟಿನಿನ್ ಇಲ್ಲ, ಮಂಪರಿನ ಕಾಲಂ ಇಲ್ಲ. ಆದರೂ ಒಂದು ಲಾಭ: ಸತ್ತವರು, ಕಸಿ ಆದವರು ಬೇರೆ ಬೇರೆ ಗುರುತಾಗಿದ್ದಾರೆ. ಅಲ್ಲಿ ಕಲಿತದ್ದನ್ನು ನಾನೇ ಕಂಪ್ಯೂಟರ್‌ನಲ್ಲಿ ಹುಟ್ಟಿಸಿದ ರೋಗಿಗಳ ಮೇಲೆ ಓಡಿಸುತ್ತೇನೆ.

ಆ ಬೇರೆ ಗುರುತು ಯಾಕೆ ಬೇಕು ಅಂದರೆ, ಮಂಪರು ಬರುವ ಮುಂಚೆಯೇ ಕೆಲವರು ತೀರಿಕೊಳ್ಳುತ್ತಾರೆ. ಸುಮ್ನೆ ಒಂದು ಲೆಕ್ಕ ಹಿಡಿಯಿರಿ. 100 ಜನ. ಮೊದಲ ತಿಂಗಳು 20 ಜನ ಮಂಪರಿಲ್ಲದೆ ಸತ್ತರು. ಎರಡನೇ ತಿಂಗಳು ಉಳಿದ 80ರಲ್ಲಿ 40 ಜನಕ್ಕೆ ಮಂಪರು. ಸತ್ತವರನ್ನು ಸಂಪರ್ಕ ತಪ್ಪಿದವರ ಜೊತೆ ಸೇರಿಸಿ, ಕಾಲ ಕಳೆದಂತೆ ಅಪಾಯ ಎಷ್ಟು ಅಂತ ಲೆಕ್ಕ ಹಾಕುವ ಕಪ್ಲಾನ್-ಮೈಯರ್ ವಿಧಾನ ಹಾಕಿದರೆ ಅಪಾಯ 50 ಶೇಕಡಾ ಅನ್ನುತ್ತದೆ. ನಿಜಕ್ಕೂ ಆದದ್ದು 100ಕ್ಕೆ 40. ಸತ್ತವರಿಗೂ ಮುಂದೆ ಮಂಪರು ಬರಬಹುದಿತ್ತು ಅಂತ ಅದು ನಂಬಿಕೊಂಡಿರುತ್ತದೆ. ಈಗ ಸಾವನ್ನೂ ಕಸಿಯನ್ನೂ ಎದುರಾಳಿ ಘಟನೆ ಅಂತಲೇ ಎಣಿಸುವ ಫೈನ್-ಗ್ರೇ ವಿಧಾನಕ್ಕೆ ಬಂದಿದ್ದೇನೆ.

ಇನ್ನು ಮಂಪರಿನ ಸುಳಿವು ಹಿಡಿಯುವ ಪ್ರಾಣಿ ಹೆಸರಿನ ಪರೀಕ್ಷೆ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿ ಹೆಸರು ಹೇಳುತ್ತಾರೆ ಅಂತ ಎಣಿಸುವುದು, ಅಷ್ಟೇ. 10ಕ್ಕಿಂತ ಕಡಿಮೆ ಇದ್ದರೆ ಎಚ್ಚರಿಕೆಯ ಗಂಟೆ. ಪೆನ್ನು ಬೇಡ, ಓದು ಬರಹ ಬೇಡ. ಮುಂಚಿನ ಮಾಡೆಲ್‌ಗೆ ಹೇಳಿ ಮಾಡಿಸಿದ ಹಾಗಿದೆ. ಮನೆಯವರು, ಪಕ್ಕದವರ ಮೇಲೆ ಆಡಿ ನೋಡಿದೆ. ಶಿರಾ ಕಡೆಯ ಕುರಿ ಸಾಕುವ ನೆಂಟರೊಬ್ಬರು ನಿಲ್ಲಿಸಲೇ ಇಲ್ಲ. ಮೈದನಹಳ್ಳಿಯ ಕೃಷ್ಣಮೃಗವನ್ನೂ ಬಿಡಲಿಲ್ಲ. ಟಗರು, ಕುರಿ, ಮರಿ ಒಂದಾ ಮೂರಾ ಎನ್ನುವುದಕ್ಕೆ ಮೊದಲೇ ಒಂದು ನಿಯಮ ಬರೆದಿಡಬೇಕು.

ಸಾಮಾನ್ಯವಾಗಿ ನಮ್ಮ ಕಡೆಯವರು ಟಿಪ್ಸ್‌ಗೆ ಬೆಂಗಳೂರಿಗೆ ಹೋಗಿ, ಊರಿಗೆ ವಾಪಸ್ ಬರುತ್ತಾರೆ. ಮಂಪರು ಮೊದಲು ಕಾಣುವುದು ಕುಣಿಗಲ್‌ನ ಯಾವುದೋ ಮನೆಯಲ್ಲಿ, ಹೆಂಡತಿಗೋ ಮಗಳಿಗೋ. ಅದಕ್ಕೆ ಎರಡನೇ ಮಾಡೆಲ್‌ನ ಪರದೆಯಲ್ಲಿ ಶೇಕಡಾ ಅಂಕಿಯ ಕೆಳಗೆ ಮಂಪರಿನ ವಿಷಯದಲ್ಲಿ ಎಚ್ಚರ ವಹಿಸಬೇಕಾದ ಮಲಬದ್ಧತೆ, ಜ್ವರ, ಕಪ್ಪು ಮಲ, ನಿದ್ದೆ ಮಾತ್ರೆ ಬಗ್ಗೆ ನಾಲ್ಕು ಸಾಲು ಸೇರಿಸುತ್ತಿದ್ದೇನೆ. ಆ ಸಾಲುಗಳನ್ನು ಪರಿಚಯದ ಡಾಕ್ಟರ್ ಒಬ್ಬರು ತಿದ್ದಿ ಕೊಡಬೇಕು. ಅಷ್ಟರಲ್ಲಿ ಕ್ಯಾಲಿಬ್ರೇಷನ್ ನೋಡುತ್ತೇನೆ. 30 ಶೇಕಡಾ ಅಂದ ಗುಂಪಿನಲ್ಲಿ 100ಕ್ಕೆ 30ರ ಹತ್ತಿರ ಬರುತ್ತಾ ಅಂತ, ಇನ್ನೂ ಕಾಯಿಲೆ ಬಲಿತ ಹುಸಿ ರೋಗಿಗಳ ಮೇಲೆ.