ಬೇಡವೆಂದವರಿಗೆ ಮೂರನೆಯ ಪತ್ರ

ಕೆಲವು ತಿಂಗಳ ಹಿಂದೆ ನಾನು ಕೆಲಸ ಮಾಡುವ ಸಂಸ್ಥೆಯ ಇಮೇಲ್ ವಿಳಾಸಕ್ಕೆ ಎರಡೇ ಸಾಲಿನ ಒಂದು ಪತ್ರ ಬಂದಿತ್ತು. "ನಿಮ್ಮ ಪತ್ರಗಳು ಬೇಡವೆಂದು ಎರಡು ಬಾರಿ ತಿಳಿಸಿದ್ದೇನೆ. ಇದು ಮೂರನೆಯದು." ಬರೆದವರು ನಮಗೆ ಪರಿಚಿತರಲ್ಲ, ಎಂದೋ ಒಮ್ಮೆ ನಮ್ಮ ಜಾಲತಾಣದ ವಿಚಾರಣೆ ಫಾರ್ಮ್ ತುಂಬಿದ್ದರು. ನಮ್ಮ ಸಿಆರ್‌ಎಂ, ಅಂದರೆ ಗ್ರಾಹಕರ ವಿವರಗಳನ್ನು ನಿರ್ವಹಿಸುವ ತಂತ್ರಾಂಶವನ್ನು, ಒಂದೇ ಪತ್ರವನ್ನು ಅನೇಕರಿಗೆ ಕಳುಹಿಸುವ ಇಮೇಲ್ ಸಾಧನದೊಂದಿಗೂ ಜಾಲತಾಣದೊಂದಿಗೂ ಜೋಡಿಸಿದವನು ನಾನೇ ಆದ್ದರಿಂದ ಆ ಪತ್ರ ಸಹಜವಾಗಿ ನನ್ನ ಮೇಜಿಗೆ ಬಂತು.

ಇಮೇಲ್ ಸಾಧನದಲ್ಲಿ ಅವರ ದಾಖಲೆ ತೆರೆದು ನೋಡಿದೆ. ಅವರು ನಿಜಕ್ಕೂ ಎರಡು ಬಾರಿ ಅನ್‌ಸಬ್‌ಸ್ಕ್ರೈಬ್ ಕೊಂಡಿಯನ್ನು ಒತ್ತಿದ್ದರು, ಎರಡೂ ಸಲ ಅವರ ಹೆಸರಿನ ಮುಂದೆ ಆ ಕ್ಷಣವೇ ಅದು ನಮೂದಾಗಿತ್ತು, ಮತ್ತು ಎರಡೂ ಸಲ ಅದೇ ರಾತ್ರಿ 2 ಗಂಟೆ 10 ನಿಮಿಷಕ್ಕೆ ಅವರ ಸ್ಥಿತಿ ಮತ್ತೆ ಚಂದಾದಾರರು ಎಂದು ಬದಲಾಗಿತ್ತು. ಬದಲಾಯಿಸಿದವರು ಯಾರು ಎಂಬ ಅಂಕಣದಲ್ಲಿ ಮನುಷ್ಯರ ಹೆಸರಿರಲಿಲ್ಲ, 'ಎಪಿಐ' ಎಂದಷ್ಟೇ ಇತ್ತು, ಅಂದರೆ ಒಂದು ತಂತ್ರಾಂಶ ಇನ್ನೊಂದರೊಂದಿಗೆ ನೇರವಾಗಿ ಮಾತನಾಡುವ ದಾರಿ. ರಾತ್ರಿ 2 ಗಂಟೆಗೆ ಓಡುವುದು ನಾನು ಹಚ್ಚಿಟ್ಟ ಸಿಂಕ್, ಅಂದರೆ ಒಂದು ವ್ಯವಸ್ಥೆಯ ವಿವರಗಳನ್ನು ಇನ್ನೊಂದಕ್ಕೆ ತಾನಾಗಿ ನಕಲಿಸುವ ಏರ್ಪಾಡು. ಸಿಆರ್‌ಎಂನಲ್ಲಿ 'ಇಮೇಲ್ ಕಳುಹಿಸಬಹುದು' ಎಂಬ ಚೌಕದಲ್ಲಿ ಅವರು ಫಾರ್ಮ್ ತುಂಬಿದ ದಿನ ಬಿದ್ದ ಗುರುತು ಹಾಗೆಯೇ ಉಳಿದಿತ್ತು. ಸಿಂಕ್ ಪ್ರತಿ ರಾತ್ರಿ ಆ ಗುರುತನ್ನು ನಿಷ್ಠೆಯಿಂದ ಇಮೇಲ್ ಸಾಧನಕ್ಕೆ ಒಯ್ದು, ಅವರು ಹಗಲು ಹೇಳಿದ 'ಬೇಡ'ವನ್ನು ಅಳಿಸಿಹಾಕುತ್ತಿತ್ತು. ಅನೇಕ ಇಮೇಲ್ ಸಾಧನಗಳು ವಿಳಾಸಗಳ ಪಟ್ಟಿಯನ್ನು ಸಾಮಾನ್ಯ ರೀತಿಯಲ್ಲಿ ಏರಿಸಿದಾಗ ಇಂಥ ಮರುಸೇರ್ಪಡೆಗೆ ಒಪ್ಪುವುದಿಲ್ಲ. ಆದರೆ ನಾನು ಎಪಿಐ ಮೂಲಕ ಸ್ಥಿತಿಯ ಫೀಲ್ಡನ್ನೇ, ಅಂದರೆ ಆ ವಿವರದ ಅಂಕಣವನ್ನೇ, ನೇರವಾಗಿ ಬರೆಯುತ್ತಿದ್ದುದರಿಂದ ಆ ತಡೆಯನ್ನು ನಾನೇ ದಾಟಿಬಿಟ್ಟಿದ್ದೆ.

ಈ ಜೋಡಣೆಯನ್ನು ಮಾಡಿ ಮುಗಿಸಲು ನನಗೆ ಅರ್ಧ ದಿನ ಸಾಕಾಗಿತ್ತು. ಇಂದಿನ ಸಾಧನಗಳಲ್ಲಿ ಎಡಗಡೆ ಸಿಆರ್‌ಎಂನ ಫೀಲ್ಡುಗಳು, ಬಲಗಡೆ ಇಮೇಲ್ ಸಾಧನದ ಫೀಲ್ಡುಗಳು, ನಡುವೆ ಎಳೆಯಬೇಕಾದ ಬಾಣಗಳು. ಎಲ್ಲ ಬಾಣಗಳನ್ನೂ ಎಡದಿಂದ ಬಲಕ್ಕೆ ಎಳೆದು ಸೇವ್ ಒತ್ತಿದರೆ ಕೆಲಸ ಆದಂತೆಯೇ ಕಾಣುತ್ತದೆ. ಪ್ರತಿಯೊಂದು ಫೀಲ್ಡಿನ ವಿಷಯದಲ್ಲೂ ಯಾವ ವ್ಯವಸ್ಥೆಯ ಮಾತು ಕೊನೆಯದು ಎಂದು ಆ ಪರದೆ ಕೇಳುವುದಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಆಮೇಲೆ ಆ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು, ಮಾರಾಟ ವಿಭಾಗದವರನ್ನೂ ಪತ್ರ ಬರೆಯುವವರನ್ನೂ ಕೂರಿಸಿಕೊಂಡು, ಒಂದು ಹಾಳೆಯ ಮೇಲೆ ಎಲ್ಲ ಫೀಲ್ಡುಗಳನ್ನು ಬರೆದೆವು. ಗ್ರಾಹಕರ ಹೆಸರು ಮತ್ತು ದೂರವಾಣಿ ಸಂಖ್ಯೆಗೆ ಸಿಆರ್‌ಎಂ ಯಜಮಾನ, ಏಕೆಂದರೆ ಅವರೊಂದಿಗೆ ಮಾತನಾಡಿ ತಿದ್ದುವವರು ಅಲ್ಲಿದ್ದಾರೆ. ವ್ಯವಹಾರ ಯಾವ ಹಂತದಲ್ಲಿದೆ ಎಂಬುದೂ ಸಿಆರ್‌ಎಂನದೇ. ಯಾವ ಪತ್ರ ಯಾರಿಗೆ ಹೋಯಿತು, ಯಾವುದು ತಲುಪದೆ ವಾಪಸಾಯಿತು ಎಂಬುದಕ್ಕೆ ಇಮೇಲ್ ಸಾಧನ ಯಜಮಾನ. ಗ್ರಾಹಕ ನಮ್ಮನ್ನು ಎಲ್ಲಿಂದ ತಲುಪಿದ ಎಂಬುದು ಜಾಲತಾಣಕ್ಕೆ ಮಾತ್ರ ಗೊತ್ತಿರುವ ಸಂಗತಿ. ಕೊಂಡಿಯ ಬಾಲಕ್ಕೆ ಸೇರಿಸುವ ಯುಟಿಎಂ ಗುರುತುಗಳನ್ನು ಫಾರ್ಮಿನ ಒಂದು ಅಡಗಿದ ಫೀಲ್ಡ್ ಹಿಡಿದುಕೊಂಡು ಸಿಆರ್‌ಎಂಗೆ ದಾಟಿಸುತ್ತದೆ. ಯುಟಿಎಂನ (UTM) ಮೊದಲಕ್ಷರ 2005ರಲ್ಲಿ ಗೂಗಲ್ ಕೊಂಡುಕೊಂಡ ಅರ್ಚಿನ್ (Urchin) ಎಂಬ ಸಂಸ್ಥೆಯ ಹೆಸರಿನದು. ಆ ಸಂಸ್ಥೆಯ ನೆನಪು ಯಾರಿಗೂ ಉಳಿದಿಲ್ಲದಿದ್ದರೂ ಅದರ ಹೆಸರಿನ ಚೂರು ಇಂದಿಗೂ ನಮ್ಮ ಕೊಂಡಿಗಳಲ್ಲಿ ಸವಾರಿ ಮಾಡುತ್ತಿದೆ. ಈ ಮೂಲದ ಫೀಲ್ಡನ್ನು ಒಮ್ಮೆ ಮಾತ್ರ ಬರೆಯಬೇಕು ಎಂದು ನಿರ್ಧರಿಸಿದೆವು, ಇಲ್ಲದಿದ್ದರೆ ಅದೇ ಗ್ರಾಹಕ ಮುಂದೆ ನಮ್ಮದೇ ಪತ್ರದ ಕೊಂಡಿಯಿಂದ ಬಂದು ಇನ್ನೊಂದು ಫಾರ್ಮ್ ತುಂಬಿದಾಗ, ಅವರು ಮೊದಲಿನಿಂದಲೂ ಇಮೇಲಿನಿಂದಲೇ ಬಂದವರೆಂದು ವರದಿ ಹೇಳತೊಡಗುತ್ತದೆ.

ಒಪ್ಪಿಗೆಯ ಫೀಲ್ಡಿಗೆ ಮಾತ್ರ ಒಬ್ಬ ಯಜಮಾನನನ್ನು ನೇಮಿಸಲು ಆಗಲಿಲ್ಲ. ಗ್ರಾಹಕ ಪತ್ರದ ಕೊಂಡಿಯನ್ನು ಒತ್ತಿ ಬೇಡವೆನ್ನಬಹುದು, ಫೋನಿನಲ್ಲಿ ಮಾರಾಟದವರಿಗೆ ಹೇಳಬಹುದು, ಜಾಲತಾಣದ ಖಾತೆಯಲ್ಲಿ ಚೌಕದ ಗುರುತು ತೆಗೆಯಬಹುದು. ಹಾಗಾಗಿ ನಿಯಮವೇ ಬೇರೆಯಾಯಿತು: 'ಬೇಡ' ಯಾವ ದಿಕ್ಕಿನಿಂದ ಬಂದರೂ ಗೆಲ್ಲುತ್ತದೆ, ಎಲ್ಲ ಕಡೆಗೂ ಹರಡುತ್ತದೆ, 'ಬೇಕು' ಎಂಬುದು ಆ ವ್ಯಕ್ತಿ ಸ್ವತಃ ಫಾರ್ಮಿನಲ್ಲಿ ಒಪ್ಪಿದಾಗ ಮಾತ್ರ, ದಿನಾಂಕ ಮತ್ತು ಪುಟದ ವಿಳಾಸದೊಂದಿಗೆ ದಾಖಲಾಗುತ್ತದೆ. ಯಾವ ಸಿಂಕ್‌ಗೂ ತಾನಾಗಿ 'ಬೇಡ'ವನ್ನು 'ಬೇಕು' ಮಾಡುವ ಅಧಿಕಾರವಿಲ್ಲ.

ಬಾಣಗಳು ಎರಡೂ ದಿಕ್ಕಿಗೆ ಹರಿಯತೊಡಗಿದ ಮೇಲೆ ಇನ್ನೊಂದು ತೊಂದರೆ ಎದುರಾಯಿತು. ಸಿಆರ್‌ಎಂನಲ್ಲಿ ಒಂದು ಫೀಲ್ಡ್ ಬದಲಾದರೆ ಇಮೇಲ್ ಸಾಧನಕ್ಕೆ ಸುದ್ದಿ ಹೋಗುತ್ತದೆ, ಅಲ್ಲಿ ಬದಲಾವಣೆಯಾಯಿತೆಂದು ಅದು ಸಿಆರ್‌ಎಂಗೆ ಮರಳಿ ಸುದ್ದಿ ಕೊಡುತ್ತದೆ, ಸಿಆರ್‌ಎಂ ಅದನ್ನು ಹೊಸ ಬದಲಾವಣೆಯೆಂದು ಭಾವಿಸುತ್ತದೆ. ಒಂದು ಕಡೆ ದೂರವಾಣಿ ಸಂಖ್ಯೆಯನ್ನು + ಚಿಹ್ನೆಯೊಂದಿಗೂ ಇನ್ನೊಂದು ಕಡೆ ಅದಿಲ್ಲದೆಯೂ ಉಳಿಸುತ್ತಿದ್ದರೆ ಕತೆ ಮುಗಿಯುವುದೇ ಇಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಎರಡೂ ಸರದಿಯಲ್ಲಿ ಒಂದನ್ನೊಂದು ತಿದ್ದುತ್ತ, ಆ ದಿನದ ಎಪಿಐ ಕರೆಗಳ ಮಿತಿ ಮುಗಿದು 429 ಎಂಬ ಉತ್ತರ ಬರುವವರೆಗೆ ನಿಲ್ಲುವುದಿಲ್ಲ. ಇದಕ್ಕೆ ಮದ್ದು ಸರಳ. ಜೋಡಣೆಗೆಂದೇ ಸಿಆರ್‌ಎಂನಲ್ಲಿ ಪ್ರತ್ಯೇಕ ಬಳಕೆದಾರನನ್ನು ಸೃಷ್ಟಿಸಿ, ಕೊನೆಯ ಬದಲಾವಣೆ ಆ ಬಳಕೆದಾರನದಾಗಿದ್ದರೆ ಸುದ್ದಿ ಕಳುಹಿಸಬಾರದು ಎಂದು ಷರತ್ತು ಹಾಕುವುದು. ಜೊತೆಗೆ ಸಂಖ್ಯೆಗಳನ್ನೆಲ್ಲ ಇ.164 ಮಾದರಿಯಲ್ಲಿ, ಅಂದರೆ + ಚಿಹ್ನೆಯ ನಂತರ ದೇಶದ ಸಂಕೇತವೂ ಸೇರಿ 15 ಅಂಕಿಗಳನ್ನು ಮೀರದಂತೆ, ಎರಡೂ ಕಡೆ ಒಂದೇ ರೀತಿ ಇಡುವುದು. ಪ್ರತ್ಯೇಕ ಬಳಕೆದಾರನಿದ್ದರೆ ಇನ್ನೊಂದು ಲಾಭವೂ ಉಂಟು. ಯಾವನೋ ಒಬ್ಬ ಸಹೋದ್ಯೋಗಿಯ ಖಾತೆಯಿಂದ ಓಆತ್ ಒಪ್ಪಿಗೆ (ಪಾಸ್‌ವರ್ಡ್ ಹೇಳದೆಯೇ ಇನ್ನೊಂದು ತಂತ್ರಾಂಶಕ್ಕೆ ಪ್ರವೇಶ ಕೊಡುವ ವಿಧಾನ) ಕೊಟ್ಟು ಜೋಡಿಸಿದ್ದರೆ, ಅವರು ಕೆಲಸ ಬಿಟ್ಟು ಖಾತೆ ಮುಚ್ಚಿದ ದಿನ ಆ ಪ್ರವೇಶದ ಟೋಕನ್ ಸತ್ತು ಎಲ್ಲವೂ ಸದ್ದಿಲ್ಲದೆ ನಿಂತುಹೋಗುತ್ತದೆ.

ಸದ್ದಿಲ್ಲದೆ ನಿಲ್ಲುವುದೆಂದರೆ ಏನೆಂದು ನನಗೆ ಕಲಿಸಿದ್ದು ಜಾಲತಾಣದ ಫಾರ್ಮ್. ಹಲವು ಸಿಆರ್‌ಎಂಗಳಲ್ಲಿ ಕೊನೆಯ ಹೆಸರು ಕಡ್ಡಾಯ. ನಮ್ಮ ಫಾರ್ಮಿನಲ್ಲಿ ಹೆಸರಿಗೆ ಇದ್ದದ್ದು ಒಂದೇ ಪೆಟ್ಟಿಗೆ, ಅದನ್ನು ಮೊದಲ ಖಾಲಿ ಜಾಗದಲ್ಲಿ ಎರಡಾಗಿ ಒಡೆದು ಕಳುಹಿಸುತ್ತಿದ್ದೆ. ಒಂದೇ ಪದದ ಹೆಸರು ಬರೆದವರ ಕೊನೆಯ ಹೆಸರು ಖಾಲಿಯಾಗಿ ಹೋಗುತ್ತಿತ್ತು, ಸಿಆರ್‌ಎಂ 400 ಎಂದು ಉತ್ತರಿಸಿ ಅದನ್ನು ತಿರಸ್ಕರಿಸುತ್ತಿತ್ತು, ಫಾರ್ಮ್ ಮಾತ್ರ ಆ ಉತ್ತರವನ್ನು ಓದದೆಯೇ 'ಧನ್ಯವಾದಗಳು, ಶೀಘ್ರದಲ್ಲೇ ಸಂಪರ್ಕಿಸುತ್ತೇವೆ' ಎಂದು ಹಸಿರು ಪಟ್ಟಿಯಲ್ಲಿ ತೋರಿಸುತ್ತಿತ್ತು. ಹನ್ನೊಂದು ದಿನ ಹೀಗೆ ನಡೆಯಿತು. ಪ್ರಪಂಚದಲ್ಲಿ ಒಂದೇ ಪದದ ಹೆಸರಿನ ಜನ ಅದೆಷ್ಟೋ ಮಂದಿ ಇದ್ದಾರೆಂಬುದು ನನಗೆ ಗೊತ್ತಿರದ ವಿಷಯವೇನಲ್ಲ, ಆದರೂ ಕೋಡ್ ಬರೆಯುವಾಗ ನೆನಪಾಗಲಿಲ್ಲ. ಜಾಲತಾಣ ತನ್ನದೇ ಡೇಟಾಬೇಸಿನಲ್ಲಿ ಪ್ರತಿ ಫಾರ್ಮಿನ ಒಂದು ಪ್ರತಿಯನ್ನು ಉಳಿಸಿಕೊಳ್ಳುತ್ತಿದ್ದುದರಿಂದ ಆ ವಿಚಾರಣೆಗಳೆಲ್ಲ ಮರಳಿ ಸಿಕ್ಕವು. ಅಂದಿನಿಂದ, ಸಿಆರ್‌ಎಂಗೆ ನೇರವಾಗಿ ಮಾತ್ರ ಕಳುಹಿಸಿ ತನ್ನ ಬಳಿ ಏನನ್ನೂ ಉಳಿಸಿಕೊಳ್ಳದ ಫಾರ್ಮನ್ನು ನಾನು ಬಳಸುವುದಿಲ್ಲ.

ಒಂದು ವ್ಯವಸ್ಥೆ ಇನ್ನೊಂದಕ್ಕೆ ಆಗಿಂದಾಗಲೇ ಸುದ್ದಿ ಮುಟ್ಟಿಸುವ ವಿಧಾನಕ್ಕೆ ವೆಬ್‌ಹುಕ್ ಎಂಬ ಹೆಸರನ್ನು 2007ರಲ್ಲಿ ಇಟ್ಟವರು ಜೆಫ್ ಲಿಂಡ್ಸೆ ಎಂಬ ತಂತ್ರಾಂಶಕಾರರು. ಗಂಟೆಗೊಮ್ಮೆ ಹೋಗಿ 'ಹೊಸದೇನಾದರೂ ಇದೆಯೇ' ಎಂದು ವಿಚಾರಿಸುವ ಬದಲು, ಏನಾದರೂ ಆದ ಕೂಡಲೇ ನಮ್ಮ ವಿಳಾಸಕ್ಕೆ ಒಂದು ಎಚ್‌ಟಿಟಿಪಿ ಕೋರಿಕೆ, ಅಂದರೆ ಜಾಲತಾಣಗಳ ಭಾಷೆಯ ಸಂದೇಶ, ಬಂದು ಬೀಳುತ್ತದೆ. ಇಲ್ಲಿ ತಿಳಿದಿರಬೇಕಾದ ಸಂಗತಿಯೆಂದರೆ, ನಾವು ಬೇಗನೆ 200, ಅಂದರೆ 'ತಲುಪಿತು', ಎಂದು ಉತ್ತರಿಸದಿದ್ದರೆ ಕಳುಹಿಸಿದವರು ಸುದ್ದಿ ತಲುಪಲಿಲ್ಲವೆಂದು ತಿಳಿದು ಮತ್ತೆ ಕಳುಹಿಸುತ್ತಾರೆ, ಅಷ್ಟರಲ್ಲಿ ಮೊದಲನೆಯದನ್ನು ನಾವು ಅರ್ಧ ಸಂಸ್ಕರಿಸಿರುತ್ತೇವೆ, ಒಬ್ಬ ಗ್ರಾಹಕನಿಗೆ ಎರಡು ದಾಖಲೆ ಹುಟ್ಟುತ್ತದೆ. ಬಂದದ್ದನ್ನು ಮೊದಲು ಸರದಿಗೆ ಹಾಕಿ ಉತ್ತರ ಕೊಟ್ಟು, ಕೆಲಸವನ್ನು ಆಮೇಲೆ ಮಾಡಬೇಕು. ಸುದ್ದಿಯೊಂದಿಗೆ ಬರುವ ಗುರುತಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಅದೇ ಸಂಖ್ಯೆ ಮತ್ತೆ ಬಂದರೆ ಸುಮ್ಮನೆ ಬಿಡಬೇಕು.

ದಾಖಲೆಗಳನ್ನು ಹೊಂದಿಸುವುದು ಯಾವ ಕೀಲಿಯಿಂದ ಎಂಬುದರಲ್ಲೂ ಎಚ್ಚರ ಬೇಕು. ಇಮೇಲ್ ವಿಳಾಸವೇ ಎಲ್ಲರಿಗೂ ಮೊದಲು ಹೊಳೆಯುವ ಕೀಲಿ, ಆದರೆ ಒಬ್ಬರಿಗೆ ಎರಡು ವಿಳಾಸಗಳಿರುತ್ತವೆ, ಒಂದು ಕಚೇರಿಯ ಮೂವರು ಒಂದೇ ವಿಳಾಸ ಬಳಸುತ್ತಾರೆ, ಜನ ವಿಳಾಸ ಬದಲಾಯಿಸುತ್ತಾರೆ. ಸಿಆರ್‌ಎಂನ ದಾಖಲೆಯ ಗುರುತನ್ನೇ ಇಮೇಲ್ ಸಾಧನದಲ್ಲೂ ಉಳಿಸಿಟ್ಟುಕೊಳ್ಳುವುದು ಮೇಲು. ಅದನ್ನೂ ಹಗುರವಾಗಿ ಕಾಣಬಾರದು. ಸೇಲ್ಸ್‌ಫೋರ್ಸ್ ಎಂಬ ಸಿಆರ್‌ಎಂನ 15 ಅಕ್ಷರಗಳ ಗುರುತಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಮತ್ತು ಸಣ್ಣಕ್ಷರ ಬೇರೆ ಬೇರೆ ಲೆಕ್ಕ, ಹೊಂದುವ ಸಾಲನ್ನು ಹುಡುಕಿಕೊಡುವ ಎಕ್ಸೆಲ್‌ನ ವಿಲುಕಪ್ ಸೂತ್ರ ಆ ಭೇದವನ್ನು ನೋಡುವುದೇ ಇಲ್ಲ. ಹೀಗಾಗಿ ಒಬ್ಬರ ವಿವರ ಇನ್ನೊಬ್ಬರ ಸಾಲಿಗೆ ಬಂದು ಕೂರುವುದುಂಟು. 18 ಅಕ್ಷರಗಳ ರೂಪ ಇರುವುದೇ ಈ ಎಡವಟ್ಟನ್ನು ತಪ್ಪಿಸಲು.

ಇನ್ನು ಪತ್ರ ಕಳುಹಿಸುವವರು ಎಷ್ಟು ಮಂದಿ ಎಂಬ ಲೆಕ್ಕ. ಜೋಡಣೆ ಮುಗಿಯುವ ಹೊತ್ತಿಗೆ ನಮ್ಮ ಒಂದೇ ಡೊಮೇನಿನ ಹೆಸರಿನಲ್ಲಿ ಸಿಬ್ಬಂದಿಯ ಅಂಚೆ ಸೇವೆ, ಸಿಆರ್‌ಎಂ, ಇಮೇಲ್ ಸಾಧನ, ಜಾಲತಾಣ ಎಂದು ನಾಲ್ವರು ಪತ್ರ ಕಳುಹಿಸುತ್ತಿದ್ದರು. ಡೊಮೇನಿನ ವಿವರಗಳನ್ನು ಜಗತ್ತಿಗೆ ತಿಳಿಸುವ ಡಿಎನ್‌ಎಸ್‌ನಲ್ಲಿ, ಅದರ ಹೆಸರಿನಲ್ಲಿ ಯಾರು ಪತ್ರ ಕಳುಹಿಸಬಹುದೆಂದು ಸಾರುವ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು, ಎರಡಿದ್ದರೆ ಎರಡೂ ಕೆಡುತ್ತವೆ. ಆ ಒಂದರೊಳಗೂ ಡಿಎನ್‌ಎಸ್ ಹುಡುಕಾಟಗಳು 10ನ್ನು ದಾಟುವಂತಿಲ್ಲ. ಪ್ರತಿ ಸಾಧನದ ಕೈಪಿಡಿಯೂ 'ಈ ಸಾಲನ್ನು ಸೇರಿಸಿ' ಎನ್ನುತ್ತದೆಯೇ ಹೊರತು ಮಿಕ್ಕವರ ಸಾಲುಗಳೂ ಅಲ್ಲಿರುತ್ತವೆಂಬುದನ್ನು ನೆನಪಿಸುವುದಿಲ್ಲ. ಪತ್ರಕ್ಕೆ ಡಿಜಿಟಲ್ ಸಹಿ ಹಾಕುವ ಡಿಕೆಐಎಂ ಇಷ್ಟು ಕಾಡುವುದಿಲ್ಲ, ಪ್ರತಿಯೊಬ್ಬರಿಗೂ ಅವರದೇ ಸೆಲೆಕ್ಟರ್, ಅಂದರೆ ಸಹಿಯ ಕೀಲಿಯನ್ನು ಗುರುತಿಸುವ ಹೆಸರು, ಕೊಡಬಹುದು. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರಗಳನ್ನು ಜಿಮೇಲ್ ವಿಳಾಸಗಳಿಗೆ ಕಳುಹಿಸುವವರು ಎಸ್‌ಪಿಎಫ್, ಡಿಕೆಐಎಂ, ಮತ್ತು ಈ ಪರೀಕ್ಷೆಗಳಲ್ಲಿ ಸೋತ ಪತ್ರವನ್ನೇನು ಮಾಡಬೇಕೆಂದು ಹೇಳುವ ಡಿಮಾರ್ಕ್ ಮೂರನ್ನೂ ಹೊಂದಿರಬೇಕು, ಸ್ಪ್ಯಾಮ್ ದೂರುಗಳ ಪ್ರಮಾಣ ಶೇ. 0.3ನ್ನು ಮುಟ್ಟಬಾರದು, ಪ್ರಚಾರದ ಪತ್ರಗಳಲ್ಲಿ ಒಂದೇ ಒತ್ತಿನ ಅನ್‌ಸಬ್‌ಸ್ಕ್ರೈಬ್ ಇರಬೇಕು.

ಆ ಒಂದೇ ಒತ್ತಿನ ವಿಧಾನವನ್ನು ವಿವರಿಸುವುದು 2017ರ ಆರ್‌ಎಫ್‌ಸಿ 8058 ಎಂಬ ಅಂತರ್ಜಾಲ ಮಾನದಂಡದ ದಾಖಲೆ. ಅದನ್ನು ಓದಿದಾಗ ನನಗೆ 'ಬೇಡ'ದ ಇನ್ನೊಂದು ಮುಖ ಕಂಡಿತು. ಕಚೇರಿಗಳ ಭದ್ರತಾ ತಂತ್ರಾಂಶಗಳು ಪತ್ರದೊಳಗಿನ ಎಲ್ಲ ಕೊಂಡಿಗಳನ್ನೂ ತಾವೇ ತೆರೆದು ಪರೀಕ್ಷಿಸುತ್ತವೆ. ಕೊಂಡಿ ತೆರೆದ ಮಾತ್ರಕ್ಕೆ ಹೆಸರು ತೆಗೆದುಹಾಕುವ ವ್ಯವಸ್ಥೆಯಿದ್ದರೆ, ಯಾರೂ ಹೇಳದ 'ಬೇಡ' ದಾಖಲಾಗುತ್ತದೆ. ಆದ್ದರಿಂದಲೇ ಹೆಸರು ತೆಗೆಯಲು ಬರಿಯ ಕೊಂಡಿ ತೆರೆದರೆ ಸಾಲದು, ಮಾಹಿತಿ ಸಲ್ಲಿಸುವ ಪೋಸ್ಟ್ ಕೋರಿಕೆಯೇ ಬರಬೇಕು ಎಂದು ಅದು ವಿಧಿಸುತ್ತದೆ. ಇದೇ ಕಾರಣಕ್ಕೆ, ಪತ್ರ ತೆರೆದರು ಅಥವಾ ಕೊಂಡಿ ಒತ್ತಿದರು ಎಂಬ ಒಂದೇ ಆಧಾರದ ಮೇಲೆ ಸಿಆರ್‌ಎಂನಲ್ಲಿ ಯಾರನ್ನೂ 'ಆಸಕ್ತರು' ಎಂಬ ಹಂತಕ್ಕೆ ಏರಿಸುವುದನ್ನು ನಾನು ನಿಲ್ಲಿಸಿದ್ದೇನೆ. 2021ರ ಸೆಪ್ಟೆಂಬರಿನಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ತಂದ ಖಾಸಗಿತನದ ರಕ್ಷಣೆಯು ಪತ್ರದ ಚಿತ್ರಗಳನ್ನು ಓದುಗ ನೋಡಲಿ ಬಿಡಲಿ ಮುಂಚೆಯೇ ಇಳಿಸಿಕೊಳ್ಳುತ್ತದೆ, ಪತ್ರ ತೆರೆದ ಲೆಕ್ಕ ಸಿಗುವುದು ಚಿತ್ರ ಇಳಿದದ್ದರಿಂದಲೇ, ಹಾಗಾಗಿ ತೆರೆಯದ ಪತ್ರವೂ ತೆರೆದಂತೆ ಎಣಿಕೆಯಾಗುತ್ತದೆ. ಅಂಥ ಎಣಿಕೆಯನ್ನು ನಂಬಿ ಮಾರಾಟದವರು ಫೋನ್ ಮಾಡಿದರೆ, ಅತ್ತಲಿನವರಿಗೆ ನಾವು ಯಾರೆಂದೇ ಗೊತ್ತಿರುವುದಿಲ್ಲ. ಉತ್ತರ ಬರೆದವರು, ಫಾರ್ಮ್ ತುಂಬಿದವರು, ಇವರೇ ನನ್ನ ಲೆಕ್ಕದಲ್ಲಿ ಆಸಕ್ತರು.

ಹೊಸ ನಿಯಮಗಳನ್ನು ಜಾರಿಗೆ ತಂದ ದಿನ ನನ್ನ ವಿಳಾಸಕ್ಕೇ + ಚಿಹ್ನೆ ಮತ್ತು ಒಂದು ಪದ ಸೇರಿಸಿ ಹೊಸ ಗ್ರಾಹಕನಂತೆ ಫಾರ್ಮ್ ತುಂಬಿದೆ, ಬಂದ ಪತ್ರದಲ್ಲಿ ಬೇಡವೆಂದು ಒತ್ತಿದೆ, ರಾತ್ರಿಯ ಸಿಂಕ್ ಮುಗಿಯುವವರೆಗೆ ಕಾದು ಬೆಳಿಗ್ಗೆ ಎರಡೂ ಕಡೆ ನೋಡಿದೆ. ಎರಡೂ ಕಡೆ 'ಬೇಡ' ಎಂದೇ ಇತ್ತು. ಆಮೇಲೆ ಹಳೆಯ ದಾಖಲೆಗಳಿಗೆ ಹೋಗಿ, ತಾವಾಗಿ ಹೊರಬಂದ ನಂತರ ರಾತ್ರಿ 2 ಗಂಟೆಯ ಸುಮಾರಿಗೆ ಎಪಿಐನಿಂದ ಮತ್ತೆ ಸೇರಿಸಲ್ಪಟ್ಟವರನ್ನು ಹುಡುಕಿದಾಗ, ದೂರು ಬರೆದವರಲ್ಲದೆ ಇನ್ನೂ 46 ಮಂದಿ ಸಿಕ್ಕರು. ಅವರೆಲ್ಲರನ್ನೂ 'ಬೇಡ' ಎಂಬ ಸ್ಥಿತಿಗೆ ಮರಳಿಸಿದೆವು. ಅವರಿಗೆ ಕ್ಷಮೆ ಕೇಳುವ ಪತ್ರ ಕಳುಹಿಸೋಣವೆಂದು ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರು, ಕರಡನ್ನೂ ಬರೆದಿಟ್ಟಿದ್ದರು. ಬಹಳ ಹೊತ್ತು ಚರ್ಚಿಸಿ ಕೊನೆಗೆ ಅದನ್ನು ಕಳುಹಿಸಲಿಲ್ಲ. ಪತ್ರ ಬರೆದು ದೂರಿದವರೊಬ್ಬರಿಗೆ ಮಾತ್ರ, ಇಮೇಲ್ ಸಾಧನವನ್ನು ಮುಟ್ಟದೆ, ನನ್ನ ಸ್ವಂತ ಅಂಚೆಪೆಟ್ಟಿಗೆಯಿಂದ ನಾಲ್ಕು ಸಾಲು ಬರೆದು ಆದದ್ದೇನೆಂದು ತಿಳಿಸಿದೆ. ಅದಕ್ಕೆ ಅವರು ಉತ್ತರಿಸಲಿಲ್ಲ.