ಐದೂವರೆಯ ಸೇತುವೆ, ಹನ್ನೊಂದರ ಗಡಿಯಾರ

ಪ್ರಾಗ್‌ ಪ್ರವಾಸದ ಯೋಜನೆಯನ್ನು ನಾನು ಹಾಕಿದ್ದು ಅಮ್ಮನ ಬಲಗಾಲಿನ ಮಂಡಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು. 2024ರ ಏಪ್ರಿಲ್‌ನಲ್ಲಿ ಅಪ್ಪಯ್ಯ ಮತ್ತು ಅಮ್ಮ ಸಾಗರದಿಂದ ಡ್ರೆಸ್ಡೆನ್‌ನ ನನ್ನ ಮನೆಗೆ ಬಂದಿದ್ದರು. ಅವರ ಕೈಯಲ್ಲಿದ್ದ ಜರ್ಮನಿಯ ಷೆಂಗೆನ್ ವೀಸಾದಲ್ಲೇ ಚೆಕ್ ಗಣರಾಜ್ಯಕ್ಕೂ ಹೋಗಿಬರಬಹುದಿತ್ತು. ವೀಸಾಕ್ಕೆಂದು ಮಾಡಿಸಿದ್ದ ವೈದ್ಯಕೀಯ ವಿಮೆ ಅಲ್ಲಿಗೂ ಅನ್ವಯಿಸುತ್ತಿತ್ತು. ರೈಲಿನಲ್ಲಿ ಎರಡೂವರೆ ಗಂಟೆಯ ದಾರಿ. ಅಮ್ಮ ಮೆಟ್ಟಿಲು ಹತ್ತಬಲ್ಲಳು, ಆದರೆ ಇಳಿಯುವಾಗ ನೋವು ಕಾಡುತ್ತದೆ. ಅಪ್ಪಯ್ಯ ಎಷ್ಟು ದೂರವಾದರೂ ನಡೆಯಬಲ್ಲರು, ಆದರೆ ಒಂದೇ ದಿನ ಹತ್ತು ಜಾಗ ತೋರಿಸಿದರೆ ಹನ್ನೊಂದನೆಯದರ ಹೊತ್ತಿಗೆ ಮಾತು ನಿಲ್ಲಿಸಿಬಿಡುತ್ತಾರೆ. ಮೂವರಿಗೆ ಎರಡು ರಾತ್ರಿಗೆ ಎಲ್ಲ ಸೇರಿ ಐನೂರು ಯೂರೋ, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 45,000 ರೂಪಾಯಿ, ಇದನ್ನು ಮೀರಬಾರದೆಂದು ನಿರ್ಧರಿಸಿದೆ.

ನನಗೆ ರಜೆ ಸಿಕ್ಕಿದ್ದು ಮೇ 9ರಿಂದ. ಅಂದು ಗುರುವಾರ, ಜರ್ಮನಿಯಲ್ಲಿ ಯೇಸುವಿನ ಸ್ವರ್ಗಾರೋಹಣದ ಸಾರ್ವತ್ರಿಕ ರಜೆ. ಹಿಂದಿನ ದಿನ ಚೆಕ್ ದೇಶದಲ್ಲಿ ವಿಜಯ ದಿನದ ರಜೆ. ಶುಕ್ರವಾರ ಒಂದು ದಿನ ರಜೆ ಹಾಕಿದರೆ ನಾಲ್ಕು ದಿನ ಬಿಡುವು ಸಿಗುತ್ತದೆಂದು ನಾನು ಯೋಚಿಸಿದಂತೆಯೇ ಈ ಭಾಗದ ಸಾವಿರಾರು ಜನರೂ ಯೋಚಿಸಿದ್ದರು. ಹಳೆಯ ಪಟ್ಟಣದೊಳಗಿನ ಕೋಣೆಗಳ ಬಾಡಿಗೆ ಎರಡು ಪಟ್ಟಾಗಿತ್ತು. ಹೀಗಾಗಿ ವ್ಲ್ಟಾವಾ ನದಿಯ ಆಚೆ ದಡದಲ್ಲಿ, ಸ್ಮಿಖೋವ್ ಎಂಬ ಬಡಾವಣೆಯಲ್ಲಿ, ಅಡುಗೆಮನೆ ಇರುವ ಒಂದು ಸಣ್ಣ ಮನೆ ಹಿಡಿದೆ. ಹುಡುಕುವಾಗ ನನಗೆ ಬೇಕಿದ್ದದ್ದು ಎರಡೇ: ಲಿಫ್ಟ್ ಇರಬೇಕು, ಟ್ರಾಮ್ ನಿಲ್ದಾಣಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ನಡೆಯಬೇಕಾಗಬಾರದು. ಹಳೆಯ ಯುರೋಪಿನ ಊರುಗಳಿಗೆ ವಯಸ್ಸಾದವರನ್ನು ಕರೆದೊಯ್ಯುವವರು ಕೋಣೆಯ ಚೆಂದಕ್ಕಿಂತ ಮೊದಲು ಲಿಫ್ಟನ್ನು ವಿಚಾರಿಸಬೇಕು. ನೂರು ವರ್ಷ ಹಳೆಯ ಕಟ್ಟಡಗಳಲ್ಲಿ ಅದು ಇರುವುದೆಂದು ಭಾವಿಸಿಕೊಳ್ಳುವಂತಿಲ್ಲ.

ಡ್ರೆಸ್ಡೆನ್‌ನಿಂದ ಹೋಗುವಾಗ ರೈಲಿನ ಎಡಗಡೆಯ ಕಿಟಕಿಯಲ್ಲಿ ಕೂರಬೇಕು. ಎಲ್ಬೆ ನದಿ ಉದ್ದಕ್ಕೂ ಅದೇ ಬದಿಯಲ್ಲಿ ಬರುತ್ತದೆ, ಅದರಾಚೆ ಮರಳುಗಲ್ಲಿನ ಬಂಡೆಗಳು ಗೋಡೆಯಂತೆ ಎದ್ದು ನಿಲ್ಲುತ್ತವೆ. ಅಮ್ಮ ಬುತ್ತಿಯಿಂದ ಗೊಜ್ಜವಲಕ್ಕಿ ತೆಗೆದು ಹಂಚುವಷ್ಟರಲ್ಲಿ ಗಡಿ ದಾಟಿದ್ದೆವು.

ಪ್ರಾಗ್‌ನಲ್ಲಿ ಇಳಿದೊಡನೆ ತಲಾ 330 ಕೊರುನಾ ಕೊಟ್ಟು 72 ಗಂಟೆಗಳ ಟಿಕೆಟ್ ಕೊಂಡೆ. ಅದು ಸುಮಾರು ಹದಿಮೂರು ಯೂರೋ; ಮೆಟ್ರೊ, ಟ್ರಾಮ್, ಬಸ್ಸು ಎಲ್ಲಕ್ಕೂ ನಡೆಯುತ್ತದೆ. ಕೊಂಡರೆ ಸಾಲದು, ಮೊದಲ ಸಲ ಹತ್ತುವಾಗ ಹಳದಿ ಪೆಟ್ಟಿಗೆಯಲ್ಲಿ ತೂರಿಸಿ ಮುದ್ರೆ ಒತ್ತಿಸಬೇಕು; ಮುದ್ರೆ ಇಲ್ಲದ ಟಿಕೆಟ್ ಇದ್ದರೂ ಇಲ್ಲದಂತೆಯೇ, ದಂಡ ಬೀಳುತ್ತದೆ. ಈ ಒಂದು ಟಿಕೆಟ್ ಉಳಿಸಿಕೊಟ್ಟದ್ದು ಹಣವನ್ನಷ್ಟೇ ಅಲ್ಲ. ಬೆಳಿಗ್ಗೆ ಒಂದಿಷ್ಟು ನೋಡಿ, ಮನೆಗೆ ಮರಳಿ, ಅನ್ನ ಸಾರು ಮಾಡಿ ಉಂಡು, ಅಮ್ಮ ಕಾಲು ಚಾಚಿ ಮಲಗಿ ಎದ್ದ ಮೇಲೆ ಮತ್ತೆ ಹೊರಡುವುದು ಇದರಿಂದ ಸಾಧ್ಯವಾಯಿತು.

ಮೊದಲ ಮಧ್ಯಾಹ್ನವೇ ಒಂದು ಪೆಟ್ಟು ತಿಂದೆವು. ಚರ್ಚಿನ ಹುಂಡಿಗೆ ಹಾಕಲು ಅಲ್ಲಿಯ ನಾಣ್ಯ ಬೇಕೆಂದು ಅಪ್ಪಯ್ಯ, ನಾನು ಅಮ್ಮನಿಗೆ ನೀರು ತರಲು ಹೋದ ಐದು ನಿಮಿಷದಲ್ಲಿ, ಗಲ್ಲಿಯ ಮೂಲೆಯ ಒಂದು ವಿನಿಮಯ ಅಂಗಡಿಯಲ್ಲಿ ಐವತ್ತು ಯೂರೋ ಕೊಟ್ಟು ಬದಲಾಯಿಸಿಕೊಂಡಿದ್ದರು. 'ಕಮಿಷನ್ ಸೊನ್ನೆ' ಎಂದು ದೊಡ್ಡದಾಗಿ ಬರೆದಿತ್ತು. ಕಮಿಷನ್ ಇರಲಿಲ್ಲ ನಿಜ, ದರದಲ್ಲೇ ಕಡಿತವಿತ್ತು: 1,240 ಕೊರುನಾದ ಆಸುಪಾಸು ಬರಬೇಕಾದ ಕಡೆ ಬಂದದ್ದು 890. ಅಪ್ಪಯ್ಯನ ಮುಖ ಸಣ್ಣದಾಯಿತು. ನಲವತ್ತು ವರ್ಷ ಮನೆಯ ಲೆಕ್ಕವನ್ನು ಒಂದು ಪೈಸೆ ತಪ್ಪದಂತೆ ನೋಡಿಕೊಂಡವರು ಅವರು. ಅದೃಷ್ಟಕ್ಕೆ ರಸೀದಿ ಕೈಯಲ್ಲಿತ್ತು. ಚೆಕ್ ದೇಶದಲ್ಲಿ 2019ರಿಂದ ಒಂದು ಒಳ್ಳೆಯ ಕಾನೂನಿದೆ: ಇಂಥ ಅಂಗಡಿಯಲ್ಲಿ ಸಾವಿರ ಯೂರೋವರೆಗಿನ ಮೊತ್ತವನ್ನು ಬದಲಾಯಿಸಿಕೊಂಡವರು ಮೂರು ಗಂಟೆಯೊಳಗೆ ಮರಳಿ ಬಂದರೆ ವ್ಯವಹಾರವನ್ನು ರದ್ದು ಮಾಡಿ ಹಣ ಹಿಂದಿರುಗಿಸಲೇಬೇಕು. ರಸೀದಿ ಹಿಡಿದು ಹೋಗಿ ಕೇಳಿದೆ. ಕಿಟಕಿಯ ಹಿಂದಿದ್ದವರು ಮಾತಾಡದೆ ಐವತ್ತು ಯೂರೋ ಹೊರಗೆ ತಳ್ಳಿದರು. ಈ ವಿಷಯ ಗೊತ್ತಿಲ್ಲದೆ ಎಷ್ಟು ಜನ ಸುಮ್ಮನೆ ಮುಂದೆ ನಡೆಯುತ್ತಾರೋ ಎಂದು ನೆನೆದಾಗ ಈಗಲೂ ಸಂಕಟವಾಗುತ್ತದೆ.

ಆ ಸಂಜೆ ಅಪ್ಪಯ್ಯನ ಮನಸ್ಸನ್ನು ಬೇರೆಡೆಗೆ ತಿರುಗಿಸಲೆಂದೇ ಚಾರ್ಲ್ಸ್ ಸೇತುವೆಯ ಕತೆ ಹೇಳಿದೆ. ಅದಕ್ಕೂ ಮೊದಲು ಅಲ್ಲಿದ್ದ ಕಲ್ಲಿನ ಸೇತುವೆ 1342ರ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ಹೊಸ ಸೇತುವೆಗೆ ಚಕ್ರವರ್ತಿ ನಾಲ್ಕನೆಯ ಚಾರ್ಲ್ಸ್ ಜೋಯಿಸರು ಗೊತ್ತುಮಾಡಿಕೊಟ್ಟ ಹೊತ್ತಿನಲ್ಲಿಯೇ ಅಡಿಗಲ್ಲು ಹಾಕಿದನೆಂದು ಪ್ರತೀತಿ ಇದೆ: 1357ನೆಯ ಇಸವಿ, 9ನೆಯ ತಾರೀಖು, 7ನೆಯ ತಿಂಗಳು, ಬೆಳಿಗ್ಗೆ 5 ಗಂಟೆ 31 ನಿಮಿಷ. ಅಂಕಿಗಳನ್ನು ಸಾಲಾಗಿ ಬರೆದರೆ 135797531. ಒಂದರಿಂದ ಒಂಬತ್ತರವರೆಗೆ ಬೆಸಸಂಖ್ಯೆಗಳು ಏರಿ ಮತ್ತೆ ಒಂದಕ್ಕೆ ಇಳಿಯುತ್ತವೆ, ಸೇತುವೆಯ ಬೆನ್ನಿನಂತೆಯೇ. ಅಪ್ಪಯ್ಯ ಕಾಗದ ತೆಗೆದುಕೊಂಡು ತಾವೇ ಒಮ್ಮೆ ಬರೆದು ನೋಡಿದರು. ಊರಿನಲ್ಲಿ ಮದುವೆ, ಗೃಹಪ್ರವೇಶಗಳಿಗೆ ದಿನ ಕೇಳಿಕೊಂಡು ಜನ ಅವರ ಬಳಿ ಬರುವುದುಂಟು. "ಹಾಗಾದರೆ ನಾಳೆ ಅದೇ ಹೊತ್ತಿಗೆ ಅಲ್ಲಿರಬೇಕು ಪುಟ್ಟಿ," ಎಂದರು.

ಹೀಗೆ ಮರುದಿನ ನಸುಕಿನಲ್ಲೇ ಟ್ರಾಮ್ ಹತ್ತಿದೆವು. ನನ್ನ ಯೋಜನೆಯಲ್ಲಿ ಇದು ಇರಲಿಲ್ಲ, ಆದರೆ ಇಡೀ ಪ್ರವಾಸದ ಅತ್ಯುತ್ತಮ ಗಂಟೆ ಇದೇ ಆಯಿತು. ಹಿಂದಿನ ದಿನ ಸಂಜೆ ಅದೇ ಸೇತುವೆಯ ಮೇಲೆ ಭುಜಕ್ಕೆ ಭುಜ ತಗಲುವಷ್ಟು ಜನರಿದ್ದು, ಅಮ್ಮನ ಕೈ ಬಿಡದೆ ನಡೆಯಬೇಕಾಗಿತ್ತು. ಈಗ ಐನೂರು ಮೀಟರಿಗೂ ಮಿಕ್ಕಿದ ಆ ಕಲ್ಲುಹಾಸಿನ ಮೇಲೆ ಕೆಲವು ಛಾಯಾಗ್ರಾಹಕರು ಮತ್ತು ಫೋಟೊಕ್ಕೆಂದು ಬಂದ ಒಬ್ಬ ಮದುಮಗಳು ಬಿಟ್ಟರೆ ಯಾರೂ ಇರಲಿಲ್ಲ. ಎದುರಿನ ಗುಡ್ಡದ ಮೇಲಿನ ಕೋಟೆಗೆ ಮೊದಲ ಬಿಸಿಲು ಬಿದ್ದಿತ್ತು, ನದಿಯಿನ್ನೂ ನೆರಳಿನಲ್ಲಿತ್ತು. ಗೋಪುರದ ಬುಡದಲ್ಲಿ ನಿಂತು ಅಪ್ಪಯ್ಯ ಕೈಗಡಿಯಾರವನ್ನೇ ನೋಡುತ್ತಿದ್ದು, 5.31ಕ್ಕೆ ಸರಿಯಾಗಿ ಬಲಗಾಲು ಮುಂದಿಟ್ಟರು.

ಎರಡೂ ಬದಿಯ ಮೂವತ್ತು ಪ್ರತಿಮೆಗಳ ಪೈಕಿ ಅಮ್ಮ ನಿಂತದ್ದು ನೆಪೋಮುಕ್‌ನ ಸಂತ ಜಾನ್‌ನ ಮುಂದೆ. 1393ರಲ್ಲಿ ಅರಸನ ಆಜ್ಞೆಯಂತೆ ಈ ಪಾದ್ರಿಯನ್ನು ಇದೇ ನದಿಗೆ ಎಸೆಯಲಾಯಿತು. ಪ್ರತಿಮೆಯ ಕೆಳಗಿನ ಕಪ್ಪುಗಟ್ಟಿದ ಲೋಹದ ಫಲಕದಲ್ಲಿ ಜನ ಮುಟ್ಟಿ ಮುಟ್ಟಿ ಹೋಗುವ ಜಾಗವೊಂದು ಮಾತ್ರ ಚಿನ್ನದಂತೆ ಹೊಳೆಯುತ್ತದೆ. ಯಾರೂ ಹೇಳಿಕೊಡದೆಯೇ ಅಮ್ಮ ಅದನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. "ನಮ್ಮೂರ ದೇವಸ್ಥಾನದ ಹೊಸ್ತಿಲ ಹಿತ್ತಾಳೆಯೂ ಹೀಗೇ ಸವೆದಿದೆ," ಎಂದಳು.

ಮನೆಗೆ ಬಂದು ತಿಂಡಿ ತಿಂದು, ಹನ್ನೊಂದರ ಹೊತ್ತಿಗೆ ಹಳೆಯ ಪಟ್ಟಣದ ಚೌಕಕ್ಕೆ ಹೋದೆವು. ಪುರಭವನದ ಗೋಡೆಯಲ್ಲಿ 1410ರಲ್ಲಿ ಕೂರಿಸಿದ ಖಗೋಳ ಗಡಿಯಾರವಿದೆ. ಗಂಟೆ ತುಂಬಿದೊಡನೆ ಅಸ್ಥಿಪಂಜರದ ಬೊಂಬೆ ಹಗ್ಗ ಎಳೆಯುತ್ತದೆ, ಮೇಲಿನ ಎರಡು ಕಿಟಕಿಗಳಲ್ಲಿ ಯೇಸುವಿನ ಹನ್ನೆರಡು ಶಿಷ್ಯರು ಸರದಿಯಲ್ಲಿ ಮುಖ ತೋರಿಸಿ ಹೋಗುತ್ತಾರೆ, ಚಿನ್ನದ ಬಣ್ಣದ ಹುಂಜ ಕೂಗುತ್ತದೆ. ನೂರಾರು ಫೋನುಗಳು ಮೇಲೆದ್ದವು. ಒಂದು ನಿಮಿಷದೊಳಗೆ ಎಲ್ಲ ಮುಗಿದು ಜನ ಚದುರಿದರು. ಅಪ್ಪಯ್ಯ ಚದುರಲಿಲ್ಲ. ಅವರು ಬೊಂಬೆಗಳನ್ನು ನೋಡಿಯೇ ಇರಲಿಲ್ಲ.

"ಇದು ಪಂಚಾಂಗ ಕಣೇ," ಎಂದರು, "ಪಂಚಾಂಗವನ್ನೇ ಗೋಡೆಗೆ ಹಾಕಿದ್ದಾರೆ."

ದೊಡ್ಡ ತಟ್ಟೆಯ ನಡುವೆ ಭೂಮಿ. ಮೇಲ್ಭಾಗದ ನೀಲಿ ಹಗಲು, ಕೆಳಗಿನ ಕಪ್ಪು ರಾತ್ರಿ, ಎರಡರ ನಡುವಿನ ಕೆಂಬಣ್ಣ ಸಂಧ್ಯಾಕಾಲ. ಎಡಗಡೆಯ ಕೆಂಬಣ್ಣದ ಬಳಿ ಲ್ಯಾಟಿನ್‌ನಲ್ಲಿ 'ಅರೋರಾ' ಎಂದಿರುವುದು ನಮ್ಮ ಅರುಣೋದಯವೇ. ಮಧ್ಯದಿಂದ ಹೊರಟ ಒಂದು ಮುಳ್ಳಿನ ಮೇಲೆ ಸೂರ್ಯ, ಇನ್ನೊಂದರ ಮೇಲೆ ಚಂದ್ರ. ಎರಡೂ ಒಂದು ರಾಶಿಚಕ್ರದ ಬಳೆಯನ್ನು ಹಾದುಹೋಗುತ್ತವೆ. ಎಲ್ಲಕ್ಕಿಂತ ಹೊರಗಿನ ಬಳೆಯಲ್ಲಿ ಹಳೆಯ ಚೆಕ್ ಕಾಲಮಾನವಿದೆ. ನಮ್ಮಲ್ಲಿ ಸೂರ್ಯೋದಯದಿಂದ ಘಳಿಗೆ ಎಣಿಸಿದರೆ ಅವರಲ್ಲಿ ಸೂರ್ಯಾಸ್ತದಿಂದ ಗಂಟೆ ಎಣಿಸುತ್ತಿದ್ದರು. ಆ ಬಳೆಯ ಮೇಲೆ ಆಗ ಹದಿನಾಲ್ಕು ದಾಟಿತ್ತು. ಹಗಲು ಎಷ್ಟೇ ಉದ್ದವಿರಲಿ, ಅದನ್ನು ಹನ್ನೆರಡು ಸಮಪಾಲು ಮಾಡುವ ಇನ್ನೊಂದು ಎಣಿಕೆಯ ಗೆರೆಗಳೂ ಅಲ್ಲಿವೆ. ರಾಹುಕಾಲ ಲೆಕ್ಕ ಹಾಕಲು ಹಗಲನ್ನು ಎಂಟು ಪಾಲು ಮಾಡುವುದು ಅಪ್ಪಯ್ಯನಿಗೆ ಬಾಯಿಪಾಠ. ಹಾಗಾಗಿ ಆ ಗೆರೆಗಳೇಕೆ ಬಾಗಿವೆ ಎಂದು ನಾನು ಕೇಳುವ ಮೊದಲೇ ಅವರು ಹೇಳಿದರು.

ಅಂದು ಮೇ 10, ವೈಶಾಖ ಶುದ್ಧ ತದಿಗೆ, ಅಕ್ಷಯ ತೃತೀಯಾ. ಚಂದ್ರನ ಗೋಲ ಬಹುಪಾಲು ಕಪ್ಪಾಗಿ, ಅಂಚಿನಲ್ಲಷ್ಟೇ ಬೆಳ್ಳಿಯಾಗಿತ್ತು. ತದಿಗೆಯ ಚಂದ್ರ ಇರಬೇಕಾದಂತೆಯೇ. ಆದರೆ ರಾಶಿ ನೋಡಿ ಅಪ್ಪಯ್ಯ ತಡೆದರು. ಕೈಚೀಲದಿಂದ ಕ್ರೋಧಿ ಸಂವತ್ಸರದ ಪಂಚಾಂಗ ಹೊರಬಂತು. ಅಕ್ಷಯ ತೃತೀಯಾದ ವಿಶೇಷವೇ ರವಿ ಮೇಷದಲ್ಲಿ, ಚಂದ್ರ ವೃಷಭದಲ್ಲಿ, ಇಬ್ಬರೂ ಉಚ್ಚ ಸ್ಥಾನದಲ್ಲಿರುವುದು. ಗಡಿಯಾರದಲ್ಲಾದರೋ ಸೂರ್ಯ ವೃಷಭದಲ್ಲಿದ್ದ, ಚಂದ್ರ ಮಿಥುನದಲ್ಲಿದ್ದ. ಇಬ್ಬರೂ ಒಂದೊಂದು ಮನೆ ಮುಂದೆ. ಸ್ವಲ್ಪ ಹೊತ್ತು ಪುಟವನ್ನೂ ಗೋಡೆಯನ್ನೂ ನೋಡಿ ಅವರು ನಿಧಾನವಾಗಿ ವಿವರಿಸಿದರು: ಪಶ್ಚಿಮದವರದ್ದು ಸಾಯನ ಪದ್ಧತಿ, ವಿಷುವದ್ ಬಿಂದುವಿನಿಂದ ಮೇಷ ಶುರು, ನಮ್ಮದು ನಿರಯನ, ನಕ್ಷತ್ರಗಳನ್ನು ಹಿಡಿದ ಲೆಕ್ಕ. ಎರಡರ ನಡುವಿನ ಅಯನಾಂಶ ಈಗ ಸುಮಾರು 24 ಅಂಶ. "ಆ 24 ಅಂಶವನ್ನು ಕಳೆದು ನೋಡು, ಎರಡೂ ಒಂದೇ ಆಕಾಶ," ಎಂದರು. ಕಳೆದು ನೋಡಿದೆವು, ಸರಿಹೋಯಿತು. ಅಷ್ಟರಲ್ಲಿ ಹನ್ನೆರಡರ ಬೊಂಬೆಗಳು ಬಂದುಹೋದವು, ಜನ ಮತ್ತೊಮ್ಮೆ ಸೇರಿ ಚದುರಿದರು. ಆ ಒಂದೂವರೆ ಗಂಟೆಗೆ ನಮಗೆ ಒಂದು ಕೊರುನಾ ಕೂಡ ಖರ್ಚಾಗಲಿಲ್ಲ. ಗೋಪುರ ಹತ್ತಲು, ವಸ್ತುಸಂಗ್ರಹಾಲಯ ನೋಡಲು ಎಂದು ಆ ಮಧ್ಯಾಹ್ನಕ್ಕೆ ನಾನು ಬರೆದಿಟ್ಟಿದ್ದ ಪಟ್ಟಿಯನ್ನು ಅಲ್ಲಿಯೇ ಕೈಬಿಟ್ಟೆ.

ಊಟಕ್ಕೆ ಅಂದು ಹೊರಗೇ ಕುಳಿತೆವು. ಸಸ್ಯಾಹಾರಿಗಳಿಗೆ ಈ ಊರು ಕಷ್ಟವೆಂದು ಕೇಳಿದ್ದೆ, ಆದರೆ ಹಣ್ಣು ತುಂಬಿದ ಕ್ನೆಡ್ಲಿಕಿ ಎಂಬ ಕಡುಬು ಅಮ್ಮನನ್ನು ಗೆದ್ದಿತು. ಹಿಟ್ಟಿನ ಉಂಡೆಯೊಳಗೆ ಇಡಿಯ ಹಣ್ಣನ್ನಿಟ್ಟು ನೀರಿನಲ್ಲಿ ಬೇಯಿಸಿ, ಮೇಲೆ ಕರಗಿದ ಬೆಣ್ಣೆ, ಸಕ್ಕರೆ, ತುರಿದ ಗಿಣ್ಣು ಹಾಕಿ ಕೊಡುತ್ತಾರೆ. ಅಮ್ಮ ಒಂದನ್ನು ಚಮಚದಿಂದ ಬಿಡಿಸಿ, ಹಿಟ್ಟಿನ ದಪ್ಪವನ್ನು ಬೆರಳಲ್ಲಿ ಅಳೆದು ನೋಡಿ, "ಕಣಕ ಸ್ವಲ್ಪ ತೆಳ್ಳಗಾಗಬೇಕಿತ್ತು, ಆದರೂ ಚೆನ್ನಾಗಿದೆ," ಎಂದು ತೀರ್ಪು ಕೊಟ್ಟಳು.

ಶನಿವಾರ ಕೋಟೆ. 22ನೇ ನಂಬರಿನ ಟ್ರಾಮ್ ಗುಡ್ಡದ ಮೇಲಿನವರೆಗೂ ಹೋಗುವುದರಿಂದ ಮೆಟ್ಟಿಲುಗಳು ತಪ್ಪಿದವು. ಅಂಗಳಗಳಿಗೆ ಟಿಕೆಟ್ ಇಲ್ಲ. ಸಂತ ವೀಟಸ್ ಕೆಥಡ್ರಲ್‌ನ ಒಳಭಾಗಕ್ಕೆ ಟಿಕೆಟ್ ಕೊಂಡೆವು, ಪ್ರವಾಸದಲ್ಲಿ ನೋಡಲೆಂದು ದುಡ್ಡು ಕೊಟ್ಟದ್ದು ಇದೊಂದಕ್ಕೇ. 1344ರಲ್ಲಿ ಶುರುವಾದ ಆ ಕಟ್ಟಡ ಮುಗಿದದ್ದು 1929ರಲ್ಲಿ. ಅಲ್ಫಾನ್ಸ್ ಮೂಖಾ ರಚಿಸಿದ ಬಣ್ಣದ ಗಾಜಿನ ಕಿಟಕಿಯ ಎದುರಿನ ಬೆಂಚಿನ ಮೇಲೆ ಅಮ್ಮ ಬಹಳ ಹೊತ್ತು ಕುಳಿತಳು. ಬಿಸಿಲು ಸರಿದಂತೆ ನೀಲಿ, ಹಸಿರು ಬೆಳಕು ಎದುರಿನ ಕಂಬದ ಮೇಲೆ ಇಳಿಯುತ್ತ ಬಂತು.

ಮರಳುವ ರೈಲಿನಲ್ಲಿ ಲೆಕ್ಕ ಮಾಡಿದೆ. ರೈಲು, ಮನೆ, ಟ್ರಾಮ್, ಕೋಟೆ, ದಿನಸಿ, ಹೊರಗಿನ ಒಂದು ಊಟ ಎಲ್ಲ ಸೇರಿ 470 ಯೂರೋ ಆಗಿತ್ತು. ಗಡಿಯಲ್ಲಿ ಜರ್ಮನ್ ಪೊಲೀಸರು ಬಂದು ಪಾಸ್‌ಪೋರ್ಟ್ ನೋಡಿ ಹೋದರು. ಅವರು ಮುಂದಿನ ಡಬ್ಬಿಗೆ ದಾಟಿದ ಮೇಲೆ ಅಪ್ಪಯ್ಯ ಪಂಚಾಂಗ ತೆರೆದು, ವೈಶಾಖ ಶುದ್ಧ ತದಿಗೆಯ ಸಾಲಿನ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ 'ಪ್ರಾಗ್. ರವಿ ವೃಷಭ, ಚಂದ್ರ ಮಿಥುನ, ಗಡಿಯಾರದಂತೆ' ಎಂದು ಬರೆದರು. ತಮ್ಮ ಟ್ರಾಮ್ ಟಿಕೆಟನ್ನು ಆ ಪುಟದಲ್ಲಿ ಗುರುತಿಗೆ ಇಟ್ಟರು. ಅದರ ಅವಧಿ ಮುಗಿಯಲು ಇನ್ನೂ ಅರ್ಧ ದಿನಕ್ಕಿಂತ ಹೆಚ್ಚು ಉಳಿದಿತ್ತು.