ಹಣ ಕೊಡುವವರು ಲಂಡನ್ನಿನವರು, ತೀರ್ಮಾನ ಯಾರದು?

ರಜೆಗೆ ಮೈಸೂರಿಗೆ ಬಂದಾಗಲೆಲ್ಲ ನೆಂಟರು ಕೇಳುವ ಪ್ರಶ್ನೆ ಒಂದೇ: ಇಂಗ್ಲೆಂಡಿನಲ್ಲಿ ಚಿಕಿತ್ಸೆಯ ಖರ್ಚೆಲ್ಲ ಸರ್ಕಾರದ್ದಾದರೆ, ಯಾವ ಊರಿಗೆ ಯಾವ ಸೇವೆ ಬೇಕೆಂದು ಲಂಡನ್ನಿನಲ್ಲಿ ಕುಳಿತವರೇ ನಿರ್ಧರಿಸುತ್ತಾರೆಯೇ? ಅಲ್ಲಿ ಕುಟುಂಬ ವೈದ್ಯನಾಗಿರುವ ನನ್ನ ಉತ್ತರ ಇದು.

2013ರ ಏಪ್ರಿಲ್ 1ರಿಂದ ಒಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಆ ತೀರ್ಮಾನದ ಬಹುಭಾಗ ಕ್ಲಿನಿಕಲ್ ಕಮಿಷನಿಂಗ್ ಗ್ರೂಪ್ ಎಂಬ ಸ್ಥಳೀಯ ಕೂಟಗಳ ಕೈಯಲ್ಲಿತ್ತು. ಆರಂಭದಲ್ಲಿ ಅವು 211 ಇದ್ದವು. ಪ್ರತಿ ಕುಟುಂಬ ವೈದ್ಯರ ಚಿಕಿತ್ಸಾಲಯವೂ ಒಂದಲ್ಲ ಒಂದು ಕೂಟದ ಸದಸ್ಯನಾಗಲೇಬೇಕಿತ್ತು. ಕೂಟಗಳು ಆಸ್ಪತ್ರೆ ನಡೆಸುತ್ತಿರಲಿಲ್ಲ. ತಮ್ಮ ಜನರಿಗೆ ಬೇಕಾದ ಸೇವೆಯನ್ನು ಯಾರಿಂದ, ಎಷ್ಟು ಪ್ರಮಾಣದಲ್ಲಿ ಪಡೆಯಬೇಕೆಂದು ನಿಶ್ಚಯಿಸಿ ಒಪ್ಪಂದ ಮಾಡಿಕೊಳ್ಳುತ್ತಿದ್ದವು.

ಅವುಗಳ ಮೇಲಿದ್ದದ್ದು ಸರ್ಕಾರಿ ಆರೋಗ್ಯ ಸೇವೆಯ ರಾಷ್ಟ್ರೀಯ ಸಂಸ್ಥೆಯಾದ ಎನ್‌ಎಚ್‌ಎಸ್ ಇಂಗ್ಲೆಂಡ್. ತಲೆಗಿಷ್ಟು ಎಂದು ಸಮನಾಗಿ ಹಂಚದೆ, ವಯಸ್ಸು, ಬಡತನ, ರೋಗಭಾರಗಳನ್ನು ತೂಗಿ ಅದು ಹಣ ಕೊಡುತ್ತಿತ್ತು. ಅಪರೂಪದ ಕಾಯಿಲೆಗಳ ವಿಶೇಷ ಚಿಕಿತ್ಸೆಯನ್ನು ತಾನೇ ಇಟ್ಟುಕೊಂಡಿತ್ತು. ವರ್ಷಕ್ಕೊಮ್ಮೆ ಪ್ರತಿ ಕೂಟದ ಕೆಲಸವನ್ನು ಅಳೆಯುತ್ತಿತ್ತು. ಲೆಕ್ಕಪತ್ರ, ಒಪ್ಪಂದ, ಅಂಕಿಅಂಶಗಳ ಕೆಲಸಕ್ಕೆ ಪ್ರತ್ಯೇಕ ನೆರವು ಘಟಕಗಳಿದ್ದವು.

ಆದರೆ ನನ್ನ ಮಟ್ಟಿಗೆ ನಿಜವಾದ ನೆರವೆಂದರೆ ರೈಟ್‌ಕೇರ್ ಕಾರ್ಯಕ್ರಮದ ಹಾಳೆಗಳು. ಜನಸಂಖ್ಯೆಯ ಸ್ವರೂಪದಲ್ಲಿ ನಮ್ಮನ್ನೇ ಹೋಲುವ 10 ಕೂಟಗಳ ಪಕ್ಕದಲ್ಲಿ ನಮ್ಮ ಅಂಕಿಗಳನ್ನು ಇಟ್ಟು ತೋರಿಸುತ್ತಿದ್ದ ಹಾಳೆಗಳವು. ಒಂದು ಸಂಜೆ ಸಭೆಯಲ್ಲಿ ಮಧುಮೇಹಿಗಳ ಆರೈಕೆಯ ಪುಟ ತೆರೆದಾಗ, ನಮ್ಮ ಗೆರೆ ಉಳಿದವರಿಗಿಂತ ಕೆಳಗಿತ್ತು. "ನಮ್ಮಲ್ಲಿ ಬಡವರು ಹೆಚ್ಚು" ಎಂಬ ಸಮಜಾಯಿಷಿ ಅಲ್ಲಿ ನಿಲ್ಲಲಿಲ್ಲ, ಏಕೆಂದರೆ ಆ ಹತ್ತು ಕಡೆಯೂ ಬಡವರು ಅಷ್ಟೇ ಇದ್ದರು. ಕಾರಣವನ್ನು ಮೇಲಿನವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ: ಮಧುಮೇಹಿಗಳು ಮಾಡಿಸಿಕೊಳ್ಳಬೇಕಾದ ಪಾದ ಪರೀಕ್ಷೆಗೆ ಎರಡು ಬಸ್ಸು ಹಿಡಿದು ಹೋಗಬೇಕಾದ ವೃದ್ಧರು ಹೋಗದೆಯೇ ಉಳಿಯುತ್ತಾರೆಂಬುದು ಮೇಜಿನ ಸುತ್ತ ಕುಳಿತ ವೈದ್ಯರೆಲ್ಲರಿಗೂ ಗೊತ್ತಿತ್ತು. ಮೇಲಿನಿಂದ ಬರಬೇಕಾದ ನೆರವು ಇಂಥದ್ದೇ ಎಂದು ನಾನು ದೃಢವಾಗಿ ನಂಬುತ್ತೇನೆ. ಪದೇ ಪದೇ ಕೇಳುತ್ತಿದ್ದ ವರದಿಗಳು ನಮ್ಮ ಸಮಯ ತಿಂದವೇ ಹೊರತು ಒಬ್ಬ ರೋಗಿಯ ಪಾದವನ್ನೂ ನೋಡಲಿಲ್ಲ.

2022ರ ಜುಲೈ 1ರಂದು ಕೂಟಗಳು ರದ್ದಾಗಿ, ಅವುಗಳ ಜಾಗಕ್ಕೆ 42 ಸಂಯೋಜಿತ ಆರೈಕೆ ಮಂಡಳಿಗಳು ಬಂದವು. ಆಸ್ಪತ್ರೆ, ಸ್ಥಳೀಯ ಆಡಳಿತ, ಕುಟುಂಬ ವೈದ್ಯರು ಒಂದೇ ಮೇಜಿಗೆ ಬಂದದ್ದು ಒಳ್ಳೆಯದೇ. ಆದರೆ ಒಂದೊಂದು ಮಂಡಳಿಯ ವ್ಯಾಪ್ತಿಯಲ್ಲಿ ಲಕ್ಷಾಂತರ ಜನರಿದ್ದಾರೆ, ಹಲವು ಪಟ್ಟಣಗಳ ಅಂಕಿಗಳು ಸೇರಿ ಒಂದೇ ಸರಾಸರಿಯಾಗುತ್ತವೆ. ಆ ಎರಡು ಬಸ್ಸಿನ ದೂರ ಅದರಲ್ಲಿ ಕಾಣಿಸುವುದು ಕಷ್ಟ.